ಇಪ್ಪತ್ತೈದನೆಯ ಮೂಸೆ

ಹಟ್ಟಿ ಗಣಿಯ ಲ್ಯಾಬು, ಬೆಳಗಿನ ಪಾಳಿ.
ಇಪ್ಪತ್ತನಾಲ್ಕು ಮೂಸೆ, ಇಪ್ಪತ್ತನಾಲ್ಕು ಚೀಟಿ,
ಒಂದೊಂದರಲ್ಲೂ ಮೂವತ್ತು ಗ್ರಾಂ ಕಲ್ಲಿನ ಹಿಟ್ಟು,
ಸೀಸದ ಭಸ್ಮ, ಬಿಳಿಗಾರ, ಸೋಡಾ,
ಮೇಲೊಂದು ಚಮಚ ಮೈದಾ.
ಹೌದು, ಮೈದಾ. ಭಸ್ಮದೊಳಗಿನ ಸೀಸವನ್ನು
ಬಿಡಿಸಿ ತರುವುದು ಆ ಹಿಟ್ಟೇ.
"ಜ್ವಾಳದ ಹಿಟ್ಟು ನಡಿಯಂಗಿಲ್ಲೇನು?"
ಮೊದಲ ಪಗಾರದ ದಿನ ಅವ್ವ ಕೇಳಿದ್ದಳು.
ನಡೆದೀತು. ಯಾರೂ ಮಾಡಿ ನೋಡಿಲ್ಲ.

ಇವತ್ತು ಚೀಟಿಯಿಲ್ಲದ್ದು ಇನ್ನೊಂದಿದೆ.
ನಮ್ಮಪ್ಪ ಹುಸೇನಪ್ಪ
ಮೂವತ್ತೊಂದು ವರ್ಷ ನೆಲದೊಳಗೆ ಡ್ರಿಲ್ ಹಿಡಿದವ,
ಯಾವ ಕಾಲದಲ್ಲೋ ಬೂಟಿನೊಳಗಿಟ್ಟು ತಂದ ಬೆಣಚುಕಲ್ಲು
ಉಪ್ಪಿನಕಾಯಿ ಗಡಿಗೆಯಲ್ಲಿ ಕೂತು
ಮಾವಿನ ಹೋಳುಗಳನ್ನು ಅದುಮಿ ಅದುಮಿ
ಉಪ್ಪುಗಟ್ಟಿ ಹೋಗಿತ್ತು.
ನಿನ್ನೆ ಅದರದೊಂದು ಮೂಲೆ ಒಡೆದೆ.

ಒಲೆ ಕೆಂಪಾಗುವ ತನಕ ಕೆಲಸವಿಲ್ಲ.
ಹೊಸದಾಗಿ ಸೇರಿದ ಇಮಾಂಬಿ ಕೇಳುತ್ತಾಳೆ:
"ಬಂಗಾರ ಹಳದೀನ ಯಾಕ್ರಿ ಅಕ್ಕಾ?"

ನಡುವೆ ಎಪ್ಪತ್ತೊಂಬತ್ತು ಪ್ರೋಟಾನು,
ನೂರಾ ಹದಿನೆಂಟು ನ್ಯೂಟ್ರಾನು,
ಪಾಳಿ ಬಿಟ್ಟಾಗ ಕೇಜಿನೊಳಗೆ ನಿಂತವರ ಹಾಗೆ
ಮೈಗೆ ಮೈ ಒತ್ತಿ.
ಒಬ್ಬ ಇಳಿದರೆ ಪ್ಲಾಟಿನಂ,
ಒಬ್ಬ ಹತ್ತಿದರೆ ಹರಿದು ಹೋಗುವ ಪಾದರಸ.
ಸುತ್ತ ನಮ್ಮ ಕ್ಯಾಂಪಿನಂತೆ ಓಣಿಗಳು:
ಮೊದಲದರಲ್ಲಿ ಇಬ್ಬರು, ಆಮೇಲೆ ಎಂಟು, ಹದಿನೆಂಟು,
ಮೂವತ್ತೆರಡು, ಮತ್ತೆ ಹದಿನೆಂಟು,
ಕೊನೆಯ ಓಣಿಗೆ ಒಬ್ಬನೇ.

ಭಾರದ ಪಕ್ಕ ಮನೆ ಮಾಡಿದವರಿಗೆ
ಕೂರುವ ಪುಣ್ಯವಿಲ್ಲ, ಇಮಾಂಬಿ.
ಒಳಗಿನ ಇಬ್ಬರು ಬೆಳಕಿನ ಅರ್ಧ ವೇಗಕ್ಕೂ ಮಿಕ್ಕಿ
ಓಡುತ್ತಾರೆ, ಓಡುತ್ತಲೇ ಒಳಕ್ಕೆ ಕುಗ್ಗುತ್ತಾರೆ.
ಆ ಎಳೆತ ಕೊನೆಯ ಓಣಿಯ ಒಂಟಿಯನ್ನೂ ಬಿಡದು.
ಅವನೂ ಒಳಗೆ ಸರಿದ,
ಹಿಂದಿನ ಓಣಿಯಿಂದ ಅವನಲ್ಲಿಗೆ ದಾರಿ ಗಿಡ್ಡವಾಯಿತು.
ದಾಟಲು ತುಸು ನೀಲಿ ಸಾಕು.
ಬಿದ್ದ ಬೆಳಕಿನಲ್ಲಿ ನೀಲಿ ನುಂಗಿ
ಮಿಕ್ಕದ್ದನ್ನು ಹಿಂದಕ್ಕೆ ಕೊಡುತ್ತದೆ ಬಂಗಾರ.
ಬೆಳ್ಳಿಯಲ್ಲಿ ಆ ದಾರಿ ಉದ್ದ,
ಕಂಡದ್ದನ್ನೆಲ್ಲ ಮರಳಿಸಿ ಬೆಳ್ಳಗಾಗಿದೆ.

ಇಮಾಂಬಿ ಕಿವಿಯ ಬೆಂಡೋಲೆ ಮುಟ್ಟಿಕೊಂಡಳು:
"ಹಂಗಾದ್ರ ಇದು ಉಂಡು ಬಿಟ್ಟ ಬೆಳಕೇನ್ರಿ?"
ಇಷ್ಟು ವರ್ಷ ಓದಿದ ನನಗೆ
ಈ ಮಾತು ಹೊಳೆದಿರಲಿಲ್ಲ.

ಸುರಿದೆವು. ಆರಿತು. ಕಿಟ್ಟ ಒಡೆದು
ಸೀಸದ ಗುಂಡಿಗಳನ್ನು ಎಲುಬಿನ ಬೂದಿಯ ಬಟ್ಟಲಿಗಿಟ್ಟೆ.
ಬೂದಿ ಸೀಸವನ್ನು ಕುಡಿಯುತ್ತದೆ, ಮೆಲ್ಲಗೆ,
ಕೊನೆಗೊಂದು ಕ್ಷಣ ಮಣಿ ಮಿಂಚುತ್ತದೆ.
ಅದನ್ನು ನೋಡಲು ಮೇಸ್ತ್ರಿಯೂ ಬೀಡಿ ಬಿಸುಟು ಬರುತ್ತಾನೆ.
ಇಪ್ಪತ್ತೈದನೆಯದು ಮಿಂಚಿತೋ ಇಲ್ಲವೋ
ರೆಪ್ಪೆ ಬಡಿದೆ, ತಪ್ಪಿಹೋಯಿತು.

ಆಸಿಡ್ಡಿನಲ್ಲಿ ಬೆಳ್ಳಿ ಕರಗಿ
ತಳದಲ್ಲಿ ಉಳಿದದ್ದು ಕಂದು ಚುಕ್ಕೆ,
ಜಿರಳೆಯ ಹಿಕ್ಕೆಯೂ ಇದಕ್ಕಿಂತ ದೊಡ್ಡದು.
ಕಾಸಿದೆ.
ಹಳದಿ.

ತಕ್ಕಡಿಯ ಗಾಜು ಮುಚ್ಚಿ ಉಸಿರು ಬಿಗಿಹಿಡಿದೆ:
ಒಂದು ಮಿಲಿಗ್ರಾಮಿನ ಐವತ್ತರಲ್ಲೊಂದು ಪಾಲು.
ಟನ್ನಿಗೆ ಒಂದು ಗ್ರಾಮೂ ಇಲ್ಲ.
ಆದರೂ ಎಣಿಸಿದರೆ
ಆರರ ಮುಂದೆ ಹದಿನಾರು ಸೊನ್ನೆಯಷ್ಟು ಪರಮಾಣು,
ಪ್ರತಿಯೊಂದರ ಹೊರ ಓಣಿಯಲ್ಲೂ ಅದೇ ಒಂಟಿ.

ಸಂಜೆ ಅಪ್ಪ ಹೊರಗಿನ ಹೊರಸಿನಲ್ಲಿ,
ಒಂದು ಮಾತಿಗೆ ಎರಡು ಉಸಿರು.
ಗಾಳಿ, ನೀರು, ಯಾವುದಕ್ಕೂ ಜಂಗು ಹಿಡಿಯದ ಲೋಹ;
ಅದರ ಸುತ್ತಲಿನ ಧೂಳು ಮಾತ್ರ
ಎದೆ ಹಿಡಿದು ಕೂತಿದೆ.
ಲೆಕ್ಕ ಒಪ್ಪಿಸಿದೆ, ಸೊನ್ನೆಗಳ ಸಮೇತ.

ಅಪ್ಪ ನಕ್ಕ, ಕೆಮ್ಮಿದ, ಮತ್ತೆ ನಕ್ಕ.
"ಬಂಗಾರ ಐತಂತ ತಂದಿದ್ದಿಲ್ಲವ್ವ ಅದನ್ನ.
ಗಡಿಗಿ ಮ್ಯಾಲಿಡಾಕ ಭಾರ ಬೇಕಂದಿದ್ಲು ನಿಮ್ಮವ್ವ."

ಒಳಗೆ ಅವ್ವ ಮೂಲೆ ಮುರಿದ ಕಲ್ಲನ್ನು
ತಿರುಗಿಸಿ ತಿರುಗಿಸಿ ನೋಡಿ
ಬಯ್ಯುತ್ತಲೇ ಗಡಿಗೆಗೆ ಇಳಿಸಿದಳು.
ತುಸು ವಾಲಿತು. ಹೋಳುಗಳ ಮೇಲೆ
ಉಪ್ಪುನೀರು ಎದ್ದು ಬಂತು.